ಬಚ್ಚಲುಮನೆ ಬಾಗಿಲ ಮುಂದಿನ ಬಿಳಿ ಗೆರೆಗಳು

ಅಪ್ಪಯ್ಯನಿಗೆ ಪಾರ್ಕಿನ್ಸನ್ ಕಾಯಿಲೆ ಎಂದು ಗೊತ್ತಾಗಿ ಇದು ಏಳನೇ ವರ್ಷ. ಮೊದಲ ನಾಲ್ಕು ವರ್ಷ ಬಲಗೈ ನಡುಕ, ಅಂಗಿ ಗುಂಡಿ ಹಾಕಲು ತಡ, ಇರುವೆ ಸಾಲಿನ ಹಾಗೆ ಸಣ್ಣಗಾದ ಅಕ್ಷರ, ಇಷ್ಟೇ ಇತ್ತು. ಆಮೇಲೆ ಕಾಲು ನೆಲಕ್ಕೆ ಅಂಟಿಕೊಳ್ಳಲು ಶುರುವಾಯಿತು. ನಡೆಯುತ್ತಾ ನಡೆಯುತ್ತಾ ನಿಂತುಬಿಡುತ್ತಿದ್ದರು. ಮೊಣಕಾಲು ನಡುಗುತ್ತಿತ್ತು, ಮೈ ಮುಂದಕ್ಕೆ ವಾಲುತ್ತಿತ್ತು, ಹೆಜ್ಜೆ ಮಾತ್ರ ಬರುತ್ತಿರಲಿಲ್ಲ. ಡಾಕ್ಟರು ಇದಕ್ಕೆ ಫ್ರೀಜಿಂಗ್ ಅಂತಾರೆ. "ಅಂಗಾಲಿಗೆ ಯಾರೋ ಹಲಸಿನ ಮೇಣ ಮೆತ್ತಿದ ಹಾಗೆ ಆಗ್ತದೆ" ಅನ್ನುತ್ತಿದ್ದರು ಅಪ್ಪಯ್ಯ.

ಆಗ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಎದುರಿಗೆ ನಿಂತು ಎರಡೂ ಕೈ ಹಿಡಿದು "ಬಾ ಅಪ್ಪಯ್ಯ, ಬಾ" ಎಂದು ಎಳೆದೆ. ಮೈ ಬಂತು, ಕಾಲು ಬರಲಿಲ್ಲ. ಬಚ್ಚಲುಮನೆ ಬಾಗಿಲಲ್ಲೇ ಮುಗ್ಗರಿಸಿ ಬಿದ್ದರು. ಹುಬ್ಬಿನ ಮೇಲೆ ಮೂರು ಹೊಲಿಗೆ. ಈ ಕಾಯಿಲೆಯವರು ಮನೆಯಲ್ಲಿದ್ದರೆ ದಯವಿಟ್ಟು ಇದೊಂದನ್ನು ನೆನಪಿಡಿ: ನಿಂತ ಕಾಲನ್ನು ಎಳೆಯಬೇಡಿ.

ಅದಾದ ಮೇಲೆ ಒಂದು ವಾರ ಅವರು ಎಲ್ಲೆಲ್ಲಿ ನಿಲ್ಲುತ್ತಾರೆ ಎಂದು ಸುಮ್ನೆ ನೋಡುತ್ತಾ ಕೂತೆ. ಆಗ ಕಂಡಿದ್ದು ನನಗೆ ವಿಚಿತ್ರ ಅನಿಸಿತು. ನಮ್ಮದು ಸಾಗರದ ಕಡೆಯ ಹಳೇ ಮನೆ. ದೇವರ ಕೋಣೆಯ ಹೊಸಿಲು ಮುಕ್ಕಾಲು ಗೇಣು ಎತ್ತರ ಇದೆ. ಅದನ್ನು ಅಪ್ಪಯ್ಯ ಕಾಲೆತ್ತಿ ಸಲೀಸಾಗಿ ದಾಟುತ್ತಿದ್ದರು. ಉಪ್ಪರಿಗೆ ಮೆಟ್ಟಿಲನ್ನೂ ಹತ್ತುತ್ತಿದ್ದರು. ಆದರೆ ಅವರಿಗೆ ಅನುಕೂಲ ಆಗಲಿ ಎಂದು ಹೊಸಿಲೇ ಇಲ್ಲದೆ ಕಟ್ಟಿಸಿದ ಬಚ್ಚಲುಮನೆ ಬಾಗಿಲಲ್ಲಿ, ಸಪಾಟು ನೆಲದ ಮೇಲೆ, ದಿನಾ ನಿಂತುಬಿಡುತ್ತಿದ್ದರು!

ಶಿವಮೊಗ್ಗದ ಫಿಜಿಯೋಥೆರಪಿಸ್ಟ್ ಒಬ್ಬರಿಗೆ ಇದನ್ನು ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಕಾಲಿನಲ್ಲಿ ಶಕ್ತಿ ಇದೆ ಎಂದರು. ಮಿದುಳಿನ ಆಳದಲ್ಲಿ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ಜೀವಕೋಶಗಳು ಸಾಯುತ್ತಾ ಹೋಗುವುದು ಈ ಕಾಯಿಲೆ. ನಾವು ನೀವು ಯೋಚನೆಯೇ ಮಾಡದೆ ನಡೆಯುತ್ತೇವಲ್ಲ, ಆ ರೂಢಿಯ ನಡಿಗೆ ಕೆಡುವುದು ಇದರಿಂದ. ಕಣ್ಣಿಗೆ ಒಂದು ಗುರಿ ಕಂಡು, ಅದನ್ನು ದಾಟಬೇಕು ಎಂದು ಬೇಕಂತಲೇ ಇಡುವ ಹೆಜ್ಜೆಗೆ ಮಿದುಳಿನಲ್ಲಿ ಬೇರೆ ದಾರಿ ಇದೆ. ಆ ದಾರಿ ಇನ್ನೂ ತೆರೆದಿರುತ್ತದೆ. ಹೊಸಿಲು, ಮೆಟ್ಟಿಲು ಅಪ್ಪಯ್ಯನಿಗೆ ಅಂಥ ಗುರಿ. ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನು ವಿವರಿಸಿ ಬರೆದದ್ದು 1817ರಲ್ಲಿ. ನೆಲದ ಮೇಲೆ ಅಡ್ಡಗೆರೆ ಎಳೆದರೆ ಇಂಥವರು ಚೆನ್ನಾಗಿ ನಡೆಯುತ್ತಾರೆ ಎಂದು ಬ್ರಿಟನ್ನಿನ ನರವೈದ್ಯ ಪರ್ಡನ್ ಮಾರ್ಟಿನ್ 1967ರಲ್ಲೇ ಬರೆದಿದ್ದರಂತೆ. ಇಷ್ಟು ಹಳೇ ವಿಷಯ ನಮ್ಮ ಕಿವಿಗೆ ಬೀಳಲು ಅಪ್ಪಯ್ಯ ಬೀಳಬೇಕಾಯಿತಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ನಮ್ಮ ನೆಲ ಕೆಂಪು ಗಾರೆಯದು. ಬಿಳಿ ಟೇಪು ಎದ್ದು ಕಾಣುತ್ತದೆ. ಮೊದಲು ಒಂದೊಂದು ಅಡಿಗೆ ಒಂದು ಗೆರೆ ಅಂಟಿಸಿದೆ. ಅಪ್ಪಯ್ಯ ಪುಟುಪುಟು ಹೆಜ್ಜೆ ಇಟ್ಟು ಮತ್ತೆ ನಿಂತರು. ಅಂತರ ಒಂದೂವರೆ ಅಡಿಗೆ ಹೆಚ್ಚಿಸಿದೆ. ಆಗ ಕಾಲು ಎತ್ತಿ ಇಡಲೇಬೇಕಾಯಿತು. ಇನ್ನೊಂದು ತಪ್ಪು ಎಂದರೆ ಗೆರೆಗಳನ್ನು ಬಾಗಿಲವರೆಗೆ ಮಾತ್ರ ಹಾಕಿದ್ದು. ಗೆರೆ ಮುಗಿದಲ್ಲೇ, ಅಂದರೆ ಸರಿಯಾಗಿ ಬಾಗಿಲಲ್ಲೇ, ಕಾಲು ಕಟ್ಟಿತು. ಬಾಗಿಲು ದಾಟಿ ಒಳಗೂ ಮೂರು ಗೆರೆ ಹಾಕಿದೆ. "ಗೆರೆ ಮೇಲೆ ಕಾಲಿಡಬೇಡ, ದಾಟು" ಎಂದೆ. ದಾಟಿದರು. ಐದು ತಿಂಗಳಲ್ಲಿ ಮೊದಲ ಸಲ ನಿಲ್ಲದೆ ಒಳಗೆ ಹೋದರು. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗೆರೆ ಇಲ್ಲದ ಕಡೆ? ಅದಕ್ಕೂ ಅಭ್ಯಾಸ ಮಾಡಿಸಿದ್ದೇವೆ. ಕಾಲು ಕಟ್ಟಿದ ಕೂಡಲೇ ಒದ್ದಾಡುವುದು ಬೇಡ, ಪೂರ್ತಿ ನಿಲ್ಲಬೇಕು. ಬೆನ್ನು ನೇರ ಮಾಡಿ ಉಸಿರು ಬಿಡಬೇಕು. ಮೈಭಾರವನ್ನು ನಿಧಾನಕ್ಕೆ ಬಲಗಾಲಿಗೆ, ಎಡಗಾಲಿಗೆ ಎಂದು ಎರಡು ಮೂರು ಸಲ ತೂಗಬೇಕು. ಕೊನೆಗೆ ಬಲಗಾಲಿಗೆ ಭಾರ ಬಿಟ್ಟರೆ ಎಡಗಾಲು ಹಗುರ ಆಗುತ್ತದೆ. ಆಗ ಅದನ್ನು ದೊಡ್ಡದಾಗಿ ಎತ್ತಿ ಇಡಬೇಕು. ನಾನು ಪಕ್ಕದಲ್ಲಿ, ಅರ್ಧ ಹೆಜ್ಜೆ ಹಿಂದೆ ನಿಂತಿರುತ್ತೇನೆ. ಇಷ್ಟಕ್ಕೂ ಬರದಿದ್ದರೆ ನನ್ನ ಪಾದವನ್ನು ಅವರ ಪಾದದ ಮುಂದೆ ಅಡ್ಡ ಇಡುತ್ತೇನೆ. ಅದೇ ಗೆರೆ. ಅದನ್ನು ದಾಟುತ್ತಾರೆ. ಅವರು ಕಾಲು ಎತ್ತಿದ ಕೂಡಲೇ ನನ್ನ ಪಾದ ಹಿಂದಕ್ಕೆ ಬರಬೇಕು, ಇಲ್ಲದಿದ್ದರೆ ಎಡವುತ್ತಾರೆ.

ತಾಳದಿಂದಲೂ ತುಂಬಾ ಉಪಯೋಗ ಆಯಿತು. ಮೊಬೈಲಿನ ಮೆಟ್ರೋನೋಮ್ ಟಿಕ್ ಟಿಕ್ ಅಪ್ಪಯ್ಯನಿಗೆ ಹಿಡಿಸಲಿಲ್ಲ. ಅವರು ಶನಿವಾರದ ಭಜನೆಯಲ್ಲಿ ತಾಳ ಹಿಡಿದವರು. ಈಗ ನಾನು ಚಪ್ಪಾಳೆ ತಟ್ಟುತ್ತೇನೆ, ಅವರು ಬಾಯಲ್ಲೇ ತಾಳ ಹೇಳಿಕೊಳ್ಳುತ್ತಾ ಹೆಜ್ಜೆ ಇಡುತ್ತಾರೆ. ನಡೆಯುವಾಗ ಬೇರೆ ಮಾತು ಇಲ್ಲ. "ಊಟ ಆಯ್ತಾ?" ಎಂದು ಯಾರಾದರೂ ಕೇಳಿದರೂ ಸಾಕು, ಉತ್ತರ ಹೇಳಲು ಹೋಗಿ ಕಾಲು ನಿಲ್ಲುತ್ತದೆ. ತಿರುಗುವಾಗಲೂ ಅಷ್ಟೇ ಜಾಗ್ರತೆ ಬೇಕು. ನಿಂತಲ್ಲೇ ಗಿರಕಿ ಹೊಡೆಯಬಾರದು, ಲಾರಿ ತಿರುಗಿಸಿದ ಹಾಗೆ ದೊಡ್ಡ ಸುತ್ತು ಹಾಕಬೇಕು. ಅದಕ್ಕಾಗಿ ಜಗಲಿಯ ಎರಡು ಬೆಂಚು ಕೊಟ್ಟಿಗೆಗೆ ಹೋದವು.

ಮಾತ್ರೆಯ ವಿಷಯ ಹೇಳದಿದ್ದರೆ ಅರ್ಧ ಹೇಳಿದ ಹಾಗೆ. ಅಪ್ಪಯ್ಯ ತಗೊಳ್ಳುವುದು ಲೆವೊಡೋಪಾ, ಕಾರ್ಬಿಡೋಪಾ ಸೇರಿದ ಮಾತ್ರೆ. ಇದರಲ್ಲಿನ ಲೆವೊಡೋಪಾ ಮಿದುಳಿಗೆ ಹೋಗಿ ಡೋಪಮಿನ್ ಆಗುತ್ತದೆ. ಕಾಲು ಕಟ್ಟಿದ ಹೊತ್ತನ್ನೆಲ್ಲ ಹದಿನೈದು ದಿನ ಕ್ಯಾಲೆಂಡರಿನಲ್ಲಿ ಬರೆದಿಟ್ಟೆ. ಹೆಚ್ಚು ಕಾಟ ಇದ್ದದ್ದು ಮುಂದಿನ ಮಾತ್ರೆಗೆ ಮುಂಚಿನ ಮುಕ್ಕಾಲು ಗಂಟೆಯಲ್ಲಿ. ಅದನ್ನು ನೋಡಿ ನರರೋಗದ ಡಾಕ್ಟರು ಮಾತ್ರೆಯ ಹೊತ್ತು ಬದಲಿಸಿದರು. ಊಟಕ್ಕೆ ಅರ್ಧ ಗಂಟೆ ಮೊದಲೇ ಕೊಡಿ ಎಂದೂ ಹೇಳಿದರು. ಬೇಳೆ, ಹಾಲು, ಮೊಸರಿನ ಪ್ರೋಟೀನು ಈ ಮದ್ದಿಗೆ ಅಡ್ಡ ಬರುತ್ತದಂತೆ. ಮೊದಲು ನಾವು ಹಾಲಿನ ಜೊತೆಗೇ ಮಾತ್ರೆ ನುಂಗಿಸುತ್ತಿದ್ದೆವು.

ನಸುಗುನ್ನಿ ಬೀಜದ ಪುಡಿ ಕೊಡಿ ಎಂದು ನೆಂಟರೊಬ್ಬರು ಹೇಳಿದ್ದರು. ಆ ಮಾತು ಪೂರಾ ಸುಳ್ಳಲ್ಲ. ಆ ಬೀಜದಲ್ಲಿ ಲೆವೊಡೋಪಾ ಇರುವುದನ್ನು ದಾಮೋದರನ್, ರಾಮಸ್ವಾಮಿ ಎಂಬ ವಿಜ್ಞಾನಿಗಳು 1937ರಲ್ಲೇ ತೋರಿಸಿದ್ದರು. ಆದರೆ ಮಾತ್ರೆಯ ಜೊತೆ ಅದನ್ನೂ ಕೊಟ್ಟರೆ ಒಟ್ಟು ಎಷ್ಟು ಮದ್ದು ಮೈಗೆ ಹೋಯಿತು ಎಂಬ ಲೆಕ್ಕವೇ ತಪ್ಪುತ್ತದೆ. ಡಾಕ್ಟರನ್ನು ಕೇಳಿದೆವು, ಬೇಡ ಎಂದರು, ಬಿಟ್ಟೆವು.

ಎಲ್ಲ ದಿನ ಒಂದೇ ಥರ ಇರುವುದಿಲ್ಲ. ನಿದ್ದೆ ಕೆಟ್ಟ ಮರುದಿನ ಗೆರೆ ಇದ್ದರೂ ನಿಲ್ಲುತ್ತಾರೆ. ಅವಸರ ಮಾಡಿದರಂತೂ ಇನ್ನೂ ಜಾಸ್ತಿ. ಅಂಥ ದಿನ ಗಾಲಿ ಕುರ್ಚಿ ತರುತ್ತೇನೆ, ಅವರೂ ಬೇಜಾರಿಲ್ಲದೆ ಕೂರುತ್ತಾರೆ.

ಬಚ್ಚಲ ನೀರಿಗೆ ಟೇಪು ಪದೇ ಪದೇ ಏಳುತ್ತಿತ್ತು. ಈಗ ಆ ಗೆರೆಗಳಿಗೆ ಬಿಳಿ ಪೇಂಟು ಬಳಿದಿದ್ದೇನೆ. ಬಣ್ಣಕ್ಕೆ ಸ್ವಲ್ಪ ಮರಳು ಬೆರೆಸಿದೆ, ಜಾರಬಾರದಲ್ಲ. ಹೋದ ತಿಂಗಳು ಅಪ್ಪಯ್ಯ "ತೋಟದ ದಾರಿಗೂ ಹಾಕಿಕೊಡ್ತೀಯಾ ಮಗಾ?" ಎಂದು ಕೇಳಿದರು. ಅದು ಮಣ್ಣಿನ ದಾರಿ, ಟೇಪೂ ನಿಲ್ಲದು, ಪೇಂಟೂ ನಿಲ್ಲದು. ಅಡಿಕೆ ದಬ್ಬೆ ಕೊಯ್ದು, ಎಡವದ ಹಾಗೆ ನೆಲದ ಮಟ್ಟಕ್ಕೆ ಅಡ್ಡಡ್ಡ ಹೂತು, ಮೇಲೆ ಸುಣ್ಣ ಬಳಿದೆ. ಅಂಗಳದಿಂದ ಮೊದಲ ಅಡಿಕೆ ಮರದವರೆಗೆ 23 ದಬ್ಬೆ ಹಿಡಿಯಿತು. ಅಪ್ಪಯ್ಯ ಅಷ್ಟನ್ನೂ ದಾಟಿ ಹೋಗಿ, ಮರಕ್ಕೆ ಕೈ ಊರಿ ನಿಂತು, ಕತ್ತೆತ್ತಿ ಗೊನೆ ನೋಡಿದರು.