ಆಸ್ಪತ್ರೆಗೆ ಕಳಿಸೋದಾ, ಇಲ್ಲೇ ನೋಡಿಕೊಳ್ಳೋದಾ?

ನಾನು ಮೈಸೂರಿನ ಹೊರವಲಯದ ಒಂದು ವೃದ್ಧಾಶ್ರಮದಲ್ಲಿ ನರ್ಸ್. ಇರುವವರು 32 ಜನ. ಡಾಕ್ಟರ್ ವಾರಕ್ಕೆ ಎರಡು ದಿನ ಬರುತ್ತಾರೆ. ಕಾಯಿಲೆ ಮಾತ್ರ ಉಳಿದ ಐದು ದಿನವೇ ಬರುತ್ತದೆ.

ಮೊದಲ ವರ್ಷ ಮೈ ಬಿಸಿಯಾದರೂ 108ಕ್ಕೆ ಫೋನ್. ಏನಿಲ್ಲವೆಂದರೂ 40 ಸಲ ಕಳಿಸಿದ್ದೇವೆ. ಅರ್ಧ ಜನ ಒಂದು ಬಾಟಲಿ ಡ್ರಿಪ್ ಹಾಕಿಸಿಕೊಂಡು ಅದೇ ದಿನ ವಾಪಸ್. ಮರೆವಿನ ಕಾಯಿಲೆಯ ಒಬ್ಬ ಅಜ್ಜಿ ಇದ್ದಕ್ಕಿದ್ದಂತೆ ಕೂಗಾಡಿದರು ಅಂತ ಕಳಿಸಿದೆವು. ಐದು ದಿನ ಐಸಿಯು, ಸುಮಾರು 1 ಲಕ್ಷ 40 ಸಾವಿರ ಬಿಲ್. ಕೈ ಕಟ್ಟಿ ಮಲಗಿಸಿದ್ದಕ್ಕೆ ಸೊಂಟದ ಹಿಂದೆ ಹುಣ್ಣು. ಅದು ಮಾಯಲು ಮೂರು ತಿಂಗಳು ಹಿಡಿಯಿತು. ಮೂಲ ಏನು ಗೊತ್ತಾ? ನಾಲ್ಕು ದಿನದಿಂದ ಮೋಷನ್ ಆಗಿರಲಿಲ್ಲ, ಅದರಿಂದ ಮೂತ್ರವೂ ಕಟ್ಟಿತ್ತು. ಹೊಟ್ಟೆ ಮುಟ್ಟಿ ನೋಡಿದ್ದರೆ ನನಗೇ ತಿಳಿಯುತ್ತಿತ್ತು.

ಆಮೇಲೆ ಉಲ್ಟಾ ಎಡವಿದೆ. ಸಕ್ಕರೆ ಕಾಯಿಲೆಯ ತಾತ ಒಬ್ಬರು ಊಟ ಬೇಡ ಎಂದರು, ಹಣೆ ಬೆವರಿತ್ತು. ಎದೆನೋವು ಇಲ್ಲ. ಸೆಖೆ ಅಂದುಕೊಂಡೆ. ಸಂಜೆ ಇಸಿಜಿ ಮಾಡಿದರೆ ಹಾರ್ಟ್ ಅಟ್ಯಾಕ್. ಬದುಕಿಕೊಂಡರು, ನನ್ನ ಪುಣ್ಯ. ಅವರ ಮಗಳು ಒಂದು ಮಾತೂ ಬೈಯಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಇಂಗ್ಲೆಂಡಿನವರ ನ್ಯೂಸ್-2 ಚಾರ್ಟ್ ತಂದು ಗೋಡೆಗೆ ಅಂಟಿಸಿದೆ. ಉಸಿರು, ಆಕ್ಸಿಜನ್, ಬಿಪಿ ಎಲ್ಲಕ್ಕೂ ಅಂಕ; ಕೂಡಿದಾಗ 5 ಮುಟ್ಟಿದರೆ ತುರ್ತು, 7 ಅಂದರೆ ಓಡು. ಬೀಡಿ ಸೇದಿ ಶ್ವಾಸಕೋಶ ಹಾಳಾದ ತಾತನಿಗೆ ಆಕ್ಸಿಜನ್ ಯಾವಾಗಲೂ 90. ಸುಮ್ನೆ ಕೂತು ಪೇಪರ್ ಓದುವಾಗಲೂ ಮೂರು ಅಂಕ! ಅಂಥವರಿಗೆ ಬೇರೆ ಸ್ಕೇಲ್ ಇದೆ ಅಂತ ತಿಳಿದದ್ದು ಎರಡು ಸಲ ಕಳಿಸಿದ ಮೇಲೆ.

ಆಗ ಹೊಳೆದದ್ದು ನೋಟ್‌ಬುಕ್. ಪ್ರತಿ ತಿಂಗಳ ಮೊದಲ ವಾರ, ಚೆನ್ನಾಗಿರುವಾಗಲೇ, ಒಬ್ಬೊಬ್ಬರ ಲೆಕ್ಕ ಬರೆಯುತ್ತೇನೆ. ಉಸಿರು ಪೂರ್ತಿ ಒಂದು ನಿಮಿಷ ಎಣಿಸಬೇಕು. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ನಮ್ಮ ಹಳೇ ಚಟ ಇಲ್ಲಿ ನಡೆಯುವುದಿಲ್ಲ. ಎಷ್ಟು ಇಡ್ಲಿ ತಿನ್ನುತ್ತಾರೆ, ಬಾತ್‌ರೂಮಿಗೆ ಯಾರ ಕೈ ಹಿಡಿಯುತ್ತಾರೆ, ನನ್ನನ್ನು ಏನಂತ ಕರೆಯುತ್ತಾರೆ, ಅದೂ ಇರುತ್ತದೆ. ಇನ್ನೂ ಎರಡು ಕಾಲಂ ಇವೆ, ಅವು ನನ್ನ ಹತ್ತಿರವೇ ಇರಲಿ.

ಟ್ರಸ್ಟಿನ ಖಜಾಂಚಿ ನಕ್ಕರು: "ಸಿಸ್ಟರ್, ಇಡ್ಲಿ ಎಣಿಸಿ ಕಾಯಿಲೆ ಹಿಡೀತೀರಾ?" ಡಾಕ್ಟರೂ ನಂಬಲಿಲ್ಲ. ಒಬ್ಬ ಅಜ್ಜಿ ನನ್ನನ್ನು ದಿನಾ "ಏ ಹುಡುಗಿ" ಅನ್ನುವವರು. ಒಂದು ಬೆಳಿಗ್ಗೆ "ನೀವು ಯಾರಮ್ಮಾ?" ಅಂದರು. ಜ್ವರ 99.4 ಅಷ್ಟೇ. ಆದರೆ ಪುಸ್ತಕದಲ್ಲಿ ಅವರದು ಯಾವಾಗಲೂ 97. ಉಸಿರು 28. ಡಾಕ್ಟರ್ ಫೋನಿನಲ್ಲಿ "ನಾಳೆ ನೋಡೋಣ" ಅಂದರು, ನಾನು ಪಟ್ಟು ಬಿಡಲಿಲ್ಲ. ಎಕ್ಸ್‌ರೇಯಲ್ಲಿ ನ್ಯುಮೋನಿಯಾ. ಅಂದಿನಿಂದ ಡಾಕ್ಟರೇ "ಪುಸ್ತಕ ಏನು ಹೇಳುತ್ತೆ?" ಅಂತ ಕೇಳುತ್ತಾರೆ.

ಕೆಲವಕ್ಕೆ ಪುಸ್ತಕ ತೆಗೆಯುವುದೇ ಇಲ್ಲ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ಬಿದ್ದು ತಲೆಗೆ ಪೆಟ್ಟಾದರೆ, ಬಿದ್ದ ಮೇಲೆ ಕಾಲು ಗಿಡ್ಡವಾಗಿ ಹೊರಗೆ ತಿರುಗಿದ್ದರೆ, ಬಾಯಿ ಸೊಟ್ಟಗಾದರೆ ಗಾಡಿ ಹೊರಡಬೇಕು. ಸ್ಟ್ರೋಕಿನಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಿಗುವುದು ನಾಲ್ಕೂವರೆ ಗಂಟೆ, ಅದರಲ್ಲಿ ರಿಂಗ್ ರೋಡ್ ಟ್ರಾಫಿಕ್ಕೂ ಸೇರಿದೆ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ನೀರು ಕಡಿಮೆಯಾಗಿದೆಯಾ ಅಂತ ತಿಳಿಯಲು ಡೈಪರ್ ತೂಕ ಹಾಕಿಸಿದೆ. ಎರಡು ವಾರಕ್ಕೆ ಆಯಾಗಳು ದಂಗೆ ಎದ್ದರು, ತಕ್ಕಡಿ ಅಡುಗೆಮನೆಗೆ ವಾಪಸ್ ಹೋಯಿತು (ತೊಳೆದೇ ಕೊಟ್ಟೆ!). ಚಳಿಗಾಲದಲ್ಲಿ ಬೆರಳು ಉಜ್ಜಿ ಬಿಸಿ ಮಾಡಿ ಆಕ್ಸಿಮೀಟರ್ ಹಾಕುವುದು ಮಾತ್ರ ಉಳಿದುಕೊಂಡಿತು.

ಮನೆಯವರದು ಇನ್ನೊಂದು ಕಥೆ. ಅಮೆರಿಕದ ಮಗ ರಾತ್ರಿ ಎರಡಕ್ಕೆ "ರಿಸ್ಕ್ ಬೇಡ ಸಿಸ್ಟರ್, ಅಡ್ಮಿಟ್ ಮಾಡಿಬಿಡಿ" ಅನ್ನುತ್ತಾರೆ. ಆಸ್ಪತ್ರೆ ಬೇಡ ಅಂತ ಅವರ ತಂದೆಯೇ ನನ್ನ ಹತ್ತಿರ ಹೇಳಿರುತ್ತಾರೆ. ಲಿವಿಂಗ್ ವಿಲ್‌ಗೆ (ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಪತ್ರ) ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿದೆ. 2023ರಲ್ಲಿ ನಿಯಮ ಸಡಿಲವಾಗಿ, ಇಬ್ಬರು ಸಾಕ್ಷಿ ಮತ್ತು ನೋಟರಿ ಇದ್ದರೂ ಸಾಕು. ನಮ್ಮಲ್ಲಿ ಮೂವರು ಮಾಡಿಸಿದ್ದಾರೆ. ಆ ಮಾತು ನಾನು ಹೇಗೆ ಶುರು ಮಾಡುತ್ತೇನೆ ಅನ್ನುವುದು ನನ್ನ ಗುಟ್ಟು. ಇಷ್ಟು ಹೇಳಬಲ್ಲೆ: ರಾತ್ರಿ ಫೋನಿನಲ್ಲಂತೂ ಅಲ್ಲ.

ಕಳೆದ ವರ್ಷ ಕಳಿಸಿದ್ದು 14 ಇಲ್ಲವೇ 15 ಸಲ. ಅದೇ ದಿನ ವಾಪಸ್ ಬಂದವರು ಇಬ್ಬರೋ ಮೂವರೋ. ಖಜಾಂಚಿಯವರು ಈಗ ಪುಸ್ತಕದ ಜೆರಾಕ್ಸ್ ಕೇಳುತ್ತಿದ್ದಾರೆ.

ಭಾನುವಾರದ ತಲೆನೋವು ಮಾತ್ರ ಹೋಗಿಲ್ಲ. ಅವತ್ತು ನನಗೆ ರಜೆ, ಏಜೆನ್ಸಿಯಿಂದ ಹೊಸ ಹುಡುಗ ಬರುತ್ತಾನೆ. ಹೋದ ತಿಂಗಳು ಮೇಲಿನ ಬಿಪಿ ಯಾವಾಗಲೂ 96 ಇರುವ ತಾತನನ್ನು "ಲೋ ಬಿಪಿ" ಅಂತ ಕಳಿಸಿಬಿಟ್ಟ. 6,000 ರೂಪಾಯಿ ಹೋಯಿತು. ಪುಸ್ತಕ ಅವನ ಮುಂದಿನ ಟೇಬಲ್ ಮೇಲೇ ಇತ್ತು, ಅದರ ಮೇಲೆ ಅವನ ಟೀ ಲೋಟ.