ಇಂಟರ್ನಲ್ ಬೇರೆ, ಯೂನಿವರ್ಸಿಟಿ ಬೇರೆ: ಸಿಒ ಅಟೈನ್‌ಮೆಂಟ್ ಲೆಕ್ಕ ಕೊನೆಗೂ ಕೆಲಸಕ್ಕೆ ಬಂದ ಬಗೆ

ಒಂದು ಪೇಪರ್ ಓದಿದ ಮೇಲೆ ವಿದ್ಯಾರ್ಥಿಗೆ ಏನೇನು ಬರಬೇಕು ಎನ್ನುವುದು ಸಿಒ (ಕೋರ್ಸ್ ಔಟ್‌ಕಮ್), ಅದು ಎಷ್ಟು ಮಟ್ಟಿಗೆ ಬಂದಿದೆ ಎನ್ನುವ ಲೆಕ್ಕ ಅಟೈನ್‌ಮೆಂಟ್. ಅಫಿಲಿಯೇಟೆಡ್ ಕಾಲೇಜುಗಳಲ್ಲಿ ಈ ಸಿಒ ಅಟೈನ್‌ಮೆಂಟ್ ಶೀಟ್ ಫೈಲಿನೊಳಗೇ ಉಳಿದುಬಿಡುವುದಕ್ಕೆ ಲೆಕ್ಚರರ್‌ಗಳ ಅಸಡ್ಡೆ ಕಾರಣ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ದೋಷ ಇರುವುದು ಲೆಕ್ಕದಲ್ಲೇ. ಸೆಮಿಸ್ಟರ್ ಪರೀಕ್ಷೆಯಿಂದ ನಮಗೆ ಸಿಗುವುದು ಒಟ್ಟು ಅಂಕ ಮಾತ್ರ, ಯಾವ ಪ್ರಶ್ನೆಗೆ ಎಷ್ಟು ಬಂತು ಎನ್ನುವುದು ಸಿಗುವುದಿಲ್ಲ. ಹಾಗಾಗಿ ಅದರ ಮಟ್ಟವನ್ನು ಐದೂ ಸಿಒಗಳಿಗೆ ಒಂದೇ ಸಮ ಹಂಚಿ ಇಂಟರ್ನಲ್ ಜತೆ ಬೆರೆಸುತ್ತೇವೆ. ಎನ್‌ಇಪಿಯ (ರಾಷ್ಟ್ರೀಯ ಶಿಕ್ಷಣ ನೀತಿ) 40:60 ಇದ್ದಾಗ, ಅಂದರೆ ಇಂಟರ್ನಲ್‌ಗೆ 40, ಯೂನಿವರ್ಸಿಟಿಗೆ 60 ಇದ್ದಾಗ, ಯೂನಿವರ್ಸಿಟಿ ಮಟ್ಟ 2 (ಗರಿಷ್ಠ 3) ಎಂದು ಹಿಡಿದರೆ, ಇಂಟರ್ನಲ್‌ನಲ್ಲಿ 1 ಬಂದ ಸಿಒ 1.6ಕ್ಕೂ 3 ಬಂದ ಸಿಒ 2.4ಕ್ಕೂ ಬರುತ್ತಿತ್ತು. 2024-25ರಿಂದ ಎಸ್‌ಇಪಿ (ರಾಜ್ಯ ಶಿಕ್ಷಣ ನೀತಿ) ಬಂದು 20:80 ಆದ ಮೇಲೆ ಅವೇ ಎರಡು 1.8 ಮತ್ತು 2.2. ಮಟ್ಟ 1ಕ್ಕೂ ಮಟ್ಟ 3ಕ್ಕೂ ನಡುವೆ ಬರೀ 0.4. ಈ ಶೀಟ್ ಹಿಡಿದುಕೊಂಡು ಯಾವ ವಿಭಾಗ ಏನನ್ನು ತಿದ್ದಿಕೊಳ್ಳಬೇಕು?

ಮಂಗಳೂರಿನ ಸಂತ ಆಗ್ನೆಸ್, ಉಜಿರೆಯ ಎಸ್‌ಡಿಎಂನಂಥ ಸ್ವಾಯತ್ತ ಕಾಲೇಜುಗಳಿಗೆ ಈ ತೊಂದರೆ ಇಲ್ಲ. ಪರೀಕ್ಷೆ ಅವರದ್ದೇ, ಉತ್ತರಪತ್ರಿಕೆಯೂ ಅವರ ಬಳಿಯೇ. ಕೊಣಾಜೆಯ (ಮಂಗಳೂರು ವಿಶ್ವವಿದ್ಯಾನಿಲಯದ) ಪಠ್ಯಕ್ರಮ ಪಾಠ ಮಾಡಿ ಕೊಣಾಜೆಯ ಪರೀಕ್ಷೆ ಬರೆಸುವ ಉಡುಪಿಯ ನಮ್ಮಂಥವರು ಬೇರೆ ದಾರಿ ಹುಡುಕಬೇಕು.

ನಾವು ಮಾಡಿದ್ದು ಇಷ್ಟೇ: ಎರಡು ಶೀಟ್. ಬೆರೆಸಿದ ಲೆಕ್ಕ ಒಂದು, ಅದು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಕೊಡುವ ಎಕ್ಯುಎಆರ್‌ಗೆ (ವಾರ್ಷಿಕ ವರದಿ) ಮತ್ತು ಎಸ್‌ಎಸ್‌ಆರ್‌ಗೆ (ಸ್ವಯಂ ಅಧ್ಯಯನ ವರದಿ). ಇಂಟರ್ನಲ್ ಟೆಸ್ಟಿನ ಪ್ರಶ್ನೆವಾರು ಅಂಕದಿಂದ ಮಾತ್ರ ತೆಗೆದದ್ದು ಇನ್ನೊಂದು, ಅದು ವಿಭಾಗದ ಮೀಟಿಂಗಿಗೆ. ಏನು ಕ್ರಮ ತೆಗೆದುಕೊಳ್ಳಬೇಕು ಎಂಬುದು ಎರಡನೆಯದನ್ನು ನೋಡಿಯೇ ನಿರ್ಧಾರ. ಇದನ್ನು ಹೇಳಿದಾಗ ಪಕ್ಕದ ಕಾಲೇಜುಗಳ ಐಕ್ಯುಎಸಿಯವರು (ಆಂತರಿಕ ಗುಣಮಟ್ಟ ಖಾತರಿ ಕೋಶದವರು) ನಕ್ಕರು. ಎರಡು ಲೆಕ್ಕ ಇಟ್ಟರೆ ನ್ಯಾಕ್‌ನ ದತ್ತಾಂಶ ಪರಿಶೀಲನೆಯಲ್ಲಿ (ಡಿವಿವಿ) ಸಿಕ್ಕಿಬೀಳುತ್ತೀರಿ ಮಾರಾಯ್ರೆ ಎಂದರು. ಅಟೈನ್‌ಮೆಂಟ್ ಪಾಲಿಸಿಯಲ್ಲೇ ಎರಡೂ ಶೀಟಿನ ಸೂತ್ರ, ಉದ್ದೇಶ ಬರೆದು ಕೌನ್ಸಿಲ್ ಒಪ್ಪಿಗೆ ಪಡೆದರೆ ಅದರಲ್ಲಿ ಮುಚ್ಚಿಡುವಂಥದ್ದು ಏನೂ ಉಳಿಯುವುದಿಲ್ಲ. ನ್ಯಾಕ್‌ನ ಪೀರ್ ಟೀಮ್ (ಪರಿಶೀಲನಾ ತಂಡ) ಬಂದಾಗ ಮೊದಲ ಶೀಟನ್ನು ಮಗುಚಿ ಹಾಕಿ ಎರಡನೆಯದನ್ನೇ ಹಿಡಿದು ಕೂತದ್ದು. ನಕ್ಕವರಲ್ಲಿ ಮೂರು ಕಾಲೇಜಿನವರು ಆಮೇಲೆ ನಮ್ಮ ಟೆಂಪ್ಲೇಟ್ ಕೇಳಿ ತೆಗೆದುಕೊಂಡು ಹೋಗಿದ್ದಾರೆ.

ಕಷ್ಟ ಇರುವುದು ಪ್ರಶ್ನೆವಾರು ಅಂಕ ಸಂಗ್ರಹಿಸುವುದರಲ್ಲಿ. ಮೊದಲ ಸೆಮಿಸ್ಟರಿನಲ್ಲಿ ಲೆಕ್ಚರರ್‌ಗಳೇ ಎಕ್ಸೆಲ್‌ನಲ್ಲಿ ತುಂಬಬೇಕೆಂದು ಇಟ್ಟ ಕ್ರಮ ಮೂರು ವಾರದಲ್ಲಿ ಕೆಟ್ಟಿತು. ಒಟ್ಟು ಅಂಕವನ್ನು ಮೊದಲು ಬರೆದು, ಅದಕ್ಕೆ ಹೊಂದುವಂತೆ ಪ್ರಶ್ನೆವಾರು ಅಂಕ ಹಂಚಿದ ಶೀಟುಗಳು ಬಂದವು. ಇದನ್ನು ಹಿಡಿಯುವುದು ಸುಲಭ: ಪ್ರತಿ ವಿದ್ಯಾರ್ಥಿಯ ಎಲ್ಲ ಸಿಒ ಶೇಕಡಾವಾರು ಹತ್ತಿರ ಹತ್ತಿರ ಇರುತ್ತದೆ. ನಿಜವಾದ ಶೀಟಿನಲ್ಲಿ ಒಬ್ಬನೇ ಹುಡುಗ ಸಿಒ1ರಲ್ಲಿ 9, ಸಿಒ2ರಲ್ಲಿ 3 ತೆಗೆದಿರುತ್ತಾನೆ.

ಆಮೇಲೆ ಉತ್ತರಪುಸ್ತಿಕೆಯ ಮುಖಪುಟವನ್ನೇ ಬದಲಾಯಿಸಿದೆವು. ಮೊದಲ ವಿನ್ಯಾಸದಲ್ಲಿ ಉಪಪ್ರಶ್ನೆಗಳೂ ಸೇರಿ 14 ಸಾಲಿನ ಕೋಷ್ಟಕ ಇತ್ತು. ಮೌಲ್ಯಮಾಪಕರು ಅರ್ಧ ತುಂಬಿ ಬಿಟ್ಟರು. ಈಗ ಇರುವುದು ಒಂಬತ್ತೇ ಚೌಕ. ಅದಕ್ಕಾಗಿ ಪ್ರಶ್ನೆಪತ್ರಿಕೆಯ ಮಾದರಿಯನ್ನು ಕಟ್ಟಿಹಾಕಬೇಕಾಯಿತು: ಒಂದು ಟೆಸ್ಟಿಗೆ ಮೂರು ಸಿಒ, ಪ್ರತಿ ಸಿಒಗೆ 2, 2, 6 ಅಂಕದ ಮೂರು ಪ್ರಶ್ನೆ, ಒಟ್ಟು 30. ಮೊದಲ ಟೆಸ್ಟಿಗೆ ಸಿಒ1ರಿಂದ 3, ಎರಡನೆಯದಕ್ಕೆ 3ರಿಂದ 5. ಸಿಒ3 ಎರಡೂ ಕಡೆ ಬರುವುದು ಬೇಕೆಂದೇ ಇಟ್ಟದ್ದು, ಒಂದೇ ಫಲಿತವನ್ನು ಎರಡು ತಿಂಗಳ ಅಂತರದಲ್ಲಿ ಅಳೆದಂತಾಗುತ್ತದೆ. ಪ್ರಶ್ನೆ ಸಂಖ್ಯೆ ಮತ್ತು ಸಿಒ ಚೌಕದ ಮೇಲೆ ಮೊದಲೇ ಅಚ್ಚಾಗಿರುತ್ತದೆ, ಮೌಲ್ಯಮಾಪಕರು ಅಂಕ ಮಾತ್ರ ಬರೆಯಬೇಕು. 30ನ್ನು ಇಂಟರ್ನಲ್‌ಗೆ ಬೇಕಾದಷ್ಟಕ್ಕೆ ಇಳಿಸುವ ಕೆಲಸ ಶೀಟಿನದ್ದು.

ಆಯ್ಕೆಯ ಪ್ರಶ್ನೆಗಳ ಬಗ್ಗೆ ಒಂದು ಮಾತು, ಯಾಕೆಂದರೆ ಬಹಳ ಕಡೆ ಲೆಕ್ಕ ಕೆಡುವುದು ಇಲ್ಲಿಯೇ. ‘ಯಾವುದಾದರೂ ನಾಲ್ಕಕ್ಕೆ ಉತ್ತರಿಸಿ’ ಎಂದು ಕೊಟ್ಟರೆ ಕಷ್ಟದ ಸಿಒವನ್ನು ಅರ್ಧ ತರಗತಿ ಬಿಟ್ಟುಬಿಡುತ್ತದೆ. ಎಲ್ಲರನ್ನೂ ಛೇದದಲ್ಲಿ ಸೇರಿಸಿದರೆ ಆ ಸಿಒ ನೆಲ ಕಚ್ಚುತ್ತದೆ. ಬರೆದವರನ್ನು ಮಾತ್ರ ಸೇರಿಸಿದರೆ, ಬರೆದವರೆಲ್ಲ ಜಾಣರೇ ಆಗಿರುವುದರಿಂದ, ಅದೇ ಸಿಒ 3ಕ್ಕೆ ಏರುತ್ತದೆ. ಎರಡೂ ಸುಳ್ಳು. ಹಾಗಾಗಿ ಆಯ್ಕೆ ಏನಿದ್ದರೂ 6 ಅಂಕದ ಪ್ರಶ್ನೆಯಲ್ಲಿ ‘ಅಥವಾ’ ಎಂದು, ಅದೂ ಒಂದೇ ಸಿಒದ ಒಳಗೆ. ಚೌಕ ಖಾಲಿ ಬಿಡಿಸಬೇಡಿ, ಸೊನ್ನೆ ಮತ್ತು ಗೈರನ್ನು ಬೇರೆ ಬೇರೆ ಬರೆಯಿಸಿ. ಈ ಮಾದರಿಯಲ್ಲಿ ಬಿಟ್ಟ ಪ್ರಶ್ನೆಗೂ ಸೊನ್ನೆಯೇ, ಗೈರಾದವರಿಗೆ ‘ಎಬಿ’ ಎಂಬ ಅಕ್ಷರ. ಶೀಟಿನಲ್ಲಿ ಕೌಂಟ್ ಸೂತ್ರ ಅಕ್ಷರವನ್ನು ಎಣಿಸುವುದಿಲ್ಲ, ಕೌಂಟ್‌ಎ ಎಣಿಸುತ್ತದೆ. ದಾಟಿದವರನ್ನು ಎಣಿಸುವ ಕೌಂಟ್‌ಇಫ್‌ಗೆ ಛೇದವಾಗಿ ಕೌಂಟ್ ಇಡಿ. ಕೌಂಟ್‌ಎ ಇಟ್ಟರೆ ಗೈರಾದವರೆಲ್ಲ ಫೇಲಾದವರ ಲೆಕ್ಕಕ್ಕೆ ಸೇರುತ್ತಾರೆ.

ಮಟ್ಟಗಳನ್ನು ಎಲ್ಲರಂತೆ ಇಟ್ಟಿದ್ದೇವೆ: ಆ ಸಿಒದ ಒಟ್ಟು ಅಂಕದಲ್ಲಿ ಅರ್ಧ ದಾಟಿದವರು ಶೇ. 50 ಇದ್ದರೆ 1, 60 ಇದ್ದರೆ 2, 70 ಇದ್ದರೆ 3. ಸಣ್ಣ ತರಗತಿಗೆ ಮಾತ್ರ ಇದು ಹೊಂದುವುದಿಲ್ಲ. ಐಚ್ಛಿಕ ಕನ್ನಡಕ್ಕೋ ಭೌತಶಾಸ್ತ್ರಕ್ಕೋ 12 ಮಕ್ಕಳಿದ್ದಾರೆ ಎನ್ನಿ. ಏಳು ಜನ ದಾಟಿದರೆ 58.3, ಮಟ್ಟ 1. ಎಂಟು ದಾಟಿದರೆ 66.7, ಮಟ್ಟ 2. ಒಂಬತ್ತು ದಾಟಿದರೆ 75, ಮಟ್ಟ 3. ಇಬ್ಬರು ಮಕ್ಕಳು ಜ್ವರದಲ್ಲೇ ಟೆಸ್ಟ್ ಬರೆದು ಅರ್ಧ ದಾಟದಿದ್ದರೆ ಪಾಠದ ಗುಣಮಟ್ಟವೇ ಕುಸಿದಂತೆ ಕಾಣುತ್ತದೆ. 20ಕ್ಕಿಂತ ಕಡಿಮೆ ಇದ್ದಲ್ಲಿ ಎರಡು ವರ್ಷದ ಬ್ಯಾಚ್ ಸೇರಿಸಿ ಲೆಕ್ಕ ಹಾಕುತ್ತೇವೆ, ಅದನ್ನೂ ಪಾಲಿಸಿಯಲ್ಲಿ ಬರೆದಿದ್ದೇವೆ.

ಈ ಲೆಕ್ಕದಿಂದ ಏನು ಸಿಕ್ಕಿತು ಎನ್ನುವುದಕ್ಕೆ ಬಿಕಾಂನ ಕಾಸ್ಟ್ ಅಕೌಂಟಿಂಗ್ ಒಂದೇ ಸಾಕು. ಪ್ರೊಸೆಸ್ ಕಾಸ್ಟಿಂಗ್ (ಹಂತಹಂತವಾಗಿ ತಯಾರಾಗುವ ವಸ್ತುವಿನ ವೆಚ್ಚದ ಲೆಕ್ಕ) ಇರುವ ಸಿಒ4ರಲ್ಲಿ ಅರ್ಧ ಅಂಕ ದಾಟಿದವರು ಸುಮಾರು ಶೇ. 45. ಬೆರೆಸಿದ ಶೀಟಿನಲ್ಲಿ ಅದೇ ಸಿಒ ಹತ್ತಿರಹತ್ತಿರ 2 ತೋರಿಸುತ್ತಿತ್ತು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕಡಿಮೆ ಅಂಕದ ಪುಸ್ತಿಕೆಗಳನ್ನು ತೆಗೆದು ನೋಡಿದಾಗ ತಪ್ಪು ಒಂದೇ ಕಡೆ ಇತ್ತು. ಲೆಕ್ಕ ಹೀಗೆ: 1000 ಯೂನಿಟ್ ಒಳಗೆ ಹೋಗಿದೆ, ಒಟ್ಟು ವೆಚ್ಚ 46,000 ರೂಪಾಯಿ, ನಾರ್ಮಲ್ ಲಾಸ್ (ತಯಾರಿಕೆಯಲ್ಲಿ ಆಗಿಯೇ ತೀರುವ ನಷ್ಟ) ಶೇ. 10, ಸ್ಕ್ರ್ಯಾಪ್ ಯೂನಿಟ್‌ಗೆ 10 ರೂಪಾಯಿ, ಹೊರಬಂದದ್ದು 870. ಸ್ಕ್ರ್ಯಾಪಿನ 1000 ರೂಪಾಯಿ ಕಳೆದು 45,000ವನ್ನು 900ರಿಂದ ಭಾಗಿಸಬೇಕು, ಯೂನಿಟ್‌ಗೆ 50. ಅಬ್‌ನಾರ್ಮಲ್ ಲಾಸ್ (ಅದಕ್ಕಿಂತ ಹೆಚ್ಚಾದ ನಷ್ಟ) 30 ಯೂನಿಟ್, 1500 ರೂಪಾಯಿ. ಮಕ್ಕಳು 46,000ವನ್ನು ನೇರ 870ರಿಂದ ಭಾಗಿಸಿ 52.87 ಎಂದು ಬರೆದಿದ್ದರು. ಅಂದರೆ ಖಾತೆಯ ನಮೂನೆ ಎಲ್ಲರಿಗೂ ಬಾಯಿಪಾಠ. ನಾರ್ಮಲ್ ಲಾಸಿನ ಹೊರೆಯನ್ನು ಒಳ್ಳೆಯ ಯೂನಿಟ್‌ಗಳು ಹೊರುತ್ತವೆ, ಅಬ್‌ನಾರ್ಮಲ್ ಲಾಸಿನದ್ದನ್ನು ಹೊರುವುದಿಲ್ಲ ಎನ್ನುವುದು ತಲೆಗೆ ಹೋಗಿಲ್ಲ. ಮುಂದಿನ ಬ್ಯಾಚಿಗೆ ಎರಡು ಅವಧಿ ಹೆಚ್ಚು ಕೊಟ್ಟು, ಖಾತೆ ಬರೆಯದೆ ಛೇದ ಮಾತ್ರ ಕಂಡುಹಿಡಿಯುವ ಆರೇಳು ಲೆಕ್ಕ ಮಾಡಿಸಲಾಯಿತು. ಶೇ. 60 ದಾಟಿತು. ಆಕ್ಷನ್ ಟೇಕನ್ ರಿಪೋರ್ಟಿನಲ್ಲಿ ‘ಬ್ರಿಡ್ಜ್ ಕೋರ್ಸ್ ನಡೆಸಲಾಯಿತು’ ಎಂಬ ಹಳೆಯ ಸಾಲಿನ ಬದಲು ಈ ಒಂದು ಪುಟ ಇಟ್ಟೆವು.

ಸಿಲೆಬಸ್‌ನಲ್ಲೇ ಅಚ್ಚಾಗಿ ಬರುವ ಸಿಒಗಳಲ್ಲಿ ‘ಅರಿಯುವರು’, ‘ತಿಳಿಯುವರು’ ಎಂದಿದ್ದರೆ ಅದನ್ನು ಅಳೆಯಲು ಬರುವುದಿಲ್ಲ, ತಿದ್ದುವ ಅಧಿಕಾರವೂ ನಮಗಿಲ್ಲ. ಅದರ ಕೆಳಗೆ ನಮ್ಮದೇ ಎರಡು ಉಪಸಾಲು ಬರೆದುಕೊಳ್ಳಬಹುದು. ಇದರ ಬಗ್ಗೆ ಕಾರ್ಯಾಗಾರ ಮಾಡುವ ಅಗತ್ಯವಿಲ್ಲ, ಮಧ್ಯಾಹ್ನ ಒಂದು ಗಂಟೆ ಕೂತರೆ ಮುಗಿಯುತ್ತದೆ.

ಖರ್ಚಿನ ವಿಷಯ. ಸಾಫ್ಟ್‌ವೇರಿನವರು ಕೇಳಿದ್ದು ವರ್ಷಕ್ಕೆ ವಿದ್ಯಾರ್ಥಿಗೆ 180ರ ಆಸುಪಾಸು. 900 ಮಕ್ಕಳಿಗೆ 1.6 ಲಕ್ಷ. ಡೆಮೋ ನೋಡಿದರೆ ಅದರಲ್ಲೂ ಪ್ರಶ್ನೆವಾರು ಅಂಕ ಲೆಕ್ಚರರೇ ತುಂಬಬೇಕು, ಗ್ರಾಫ್ ಮಾತ್ರ ಚಂದ. ಕನ್ಸಲ್ಟೆಂಟ್ ಒಬ್ಬರು ಎಸ್‌ಎಸ್‌ಆರ್ ಸಮೇತ ಮೂರು–ನಾಲ್ಕು ಲಕ್ಷ ಎಂದರು. ನಮ್ಮ ಕ್ರಮದಲ್ಲಿ ಮುಖ್ಯ ವಿಷಯಗಳು ಮಾತ್ರ, ಒಬ್ಬರಿಗೆ ಮೂರು ಪೇಪರ್, ಸೆಮಿಸ್ಟರಿಗೆ ಎರಡು ಟೆಸ್ಟ್. ವರ್ಷಕ್ಕೆ ಹತ್ತು–ಹನ್ನೊಂದು ಸಾವಿರ ಪುಸ್ತಿಕೆ. ಕೋಷ್ಟಕ ಇರುವ ಮುಖಪುಟಕ್ಕೆ ಪ್ರೆಸ್ಸಿನವರು ಸಾದಾ ಪುಸ್ತಿಕೆಗಿಂತ 40 ಪೈಸೆ ಹೆಚ್ಚು ತೆಗೆದುಕೊಂಡರು. ಅಂಕ ತುಂಬಲು ಆಗಷ್ಟೇ ಪದವಿ ಮುಗಿಸಿದ ಇಬ್ಬರನ್ನು ಇಟ್ಟು ಪುಸ್ತಿಕೆಗೆ 2 ರೂಪಾಯಿ ಕೊಟ್ಟೆವು. ಎಲ್ಲ ಸೇರಿ 26 ಸಾವಿರದ ಆಸುಪಾಸು. ಈಗ ಓದುತ್ತಿರುವ ಮಕ್ಕಳಿಂದ ಮಾತ್ರ ಈ ಕೆಲಸ ಮಾಡಿಸಬೇಡಿ, ಅಂಕ ವಾಟ್ಸಾಪಿನಲ್ಲಿ ಓಡಾಡುತ್ತದೆ.

ಮೌಲ್ಯಮಾಪನದ ಕೈ ಒಂದೇ ಸಮ ಇರಬೇಕಲ್ಲ. 50 ಪುಸ್ತಿಕೆಗೆ ಐದನ್ನು ವಿಭಾಗದ ಇನ್ನೊಬ್ಬರು ಮರುಮೌಲ್ಯಮಾಪನ ಮಾಡುತ್ತಾರೆ. ಐದರ ಸರಾಸರಿಯಲ್ಲಿ 30ಕ್ಕೆ 2 ಅಂಕಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಕಟ್ಟು ಪೂರ್ತಿ ಮತ್ತೆ. ಆ ಐದನ್ನು ಆರಿಸುವ ಕ್ರಮ ಐಕ್ಯುಎಸಿಯ ಹೊರಗೆ ಹೇಳುವುದಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ದಾಖಲೆ ಇಡುವುದರಲ್ಲಿ ಕರಾವಳಿಯ ಶತ್ರು ಮಳೆಗಾಲ. ಜುಲೈ ಮುಗಿಯುವಷ್ಟರಲ್ಲಿ ಸ್ಟೇಪಲ್ ಪಿನ್ ತುಕ್ಕು ಹಿಡಿದು ಹಾಳೆಗೆ ಕಂದು ಕಲೆ, ಬಾಕ್ಸ್ ಫೈಲಿನೊಳಗೆ ಬೂಸ್ಟು. ಪಿನ್ ಬದಲು ದಾರ, ಗೋಡೆಗೆ ತಾಗದ ಕಪಾಟು, ಹಾಜರಾತಿಯಂಥ ಸಹಿ ಇರುವ ಹಾಳೆ ಅದೇ ವಾರ ಸ್ಕ್ಯಾನ್. 200 ಡಿಪಿಐ ಗ್ರೇಸ್ಕೇಲ್ ಸಾಕು. ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಕಡತ ದೊಡ್ಡದಾಗಿ ಅಪ್‌ಲೋಡ್ ಆಗುವುದಿಲ್ಲ. ಜಿಯೋ ಟ್ಯಾಗ್ ಫೋಟೊವನ್ನು ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದರೆ ಒಳಗಿನ ಸ್ಥಳಮಾಹಿತಿ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಅಥವಾ ಚಿತ್ರದ ಮೇಲೇ ಅಕ್ಷಾಂಶ, ರೇಖಾಂಶ, ದಿನಾಂಕ ಅಚ್ಚಾಗುವ ಆ್ಯಪ್ ಬಳಸಿ.

ಫೋಲ್ಡರಿಗೆ ನ್ಯಾಕ್‌ನ ಮೆಟ್ರಿಕ್ (ಅಳೆಯುವ ಅಂಶ) ಸಂಖ್ಯೆಯ ಹೆಸರು ಇಡುವುದನ್ನು ಬಿಟ್ಟಿದ್ದೇವೆ. ನ್ಯಾಕ್ ಕೈಪಿಡಿ ಬದಲಾದಾಗ ಸಂಖ್ಯೆಗಳೂ ಬದಲಾಗುತ್ತವೆ, ನೂರಾರು ಕಡತಕ್ಕೆ ಮತ್ತೆ ಹೆಸರಿಡುತ್ತಾ ಕೂರಬೇಕು. ಈಗ ಹೆಸರು ದಿನಾಂಕ–ವಿಭಾಗ–ಕಾರ್ಯಕ್ರಮ ಎಂದಷ್ಟೇ. ಯಾವ ಕಡತ ಯಾವ ಮೆಟ್ರಿಕ್‌ಗೆ ಎಂಬುದು ಪ್ರತ್ಯೇಕ ಶೀಟಿನಲ್ಲಿ. 2024ರ ಜನವರಿಯಲ್ಲಿ ಬೈನರಿ ಪದ್ಧತಿ (ಗ್ರೇಡ್ ಇಲ್ಲದೆ, ಮಾನ್ಯತೆ ಇದೆ ಅಥವಾ ಇಲ್ಲ ಎಂದಷ್ಟೇ) ಮತ್ತು ಒಂದರಿಂದ ಐದರ ಹಂತಗಳು ಘೋಷಣೆಯಾದಾಗಲೂ ನಮ್ಮ ಒಂದು ಫೋಲ್ಡರನ್ನೂ ಮುಟ್ಟಬೇಕಾಗಲಿಲ್ಲ.

ನ್ಯಾಕ್ ಮಕ್ಕಳ ಇಮೇಲಿಗೇ ಕಳಿಸುವ ಸ್ಟೂಡೆಂಟ್ ಸ್ಯಾಟಿಸ್‌ಫ್ಯಾಕ್ಷನ್ ಸರ್ವೆಗೆ, ಗ್ರೇಡ್ ಪದ್ಧತಿಯಲ್ಲಿ, ಕಾಲೇಜಾದರೆ ಒಟ್ಟು ಮಕ್ಕಳ ಶೇ. 10 ಅಥವಾ 100, ಯಾವುದು ಕಡಿಮೆಯೋ ಅಷ್ಟು ಪ್ರತಿಕ್ರಿಯೆ ಬೇಕಿತ್ತು. 900 ಮಕ್ಕಳಿಗೆ 90. ಸುಲಭ ಅನ್ನಿಸುತ್ತದೆ, ಇಮೇಲ್ ಪಟ್ಟಿ ತೆರೆಯುವವರೆಗೆ. ಅಡ್ಮಿಷನ್ ಅರ್ಜಿಯನ್ನು ಸೈಬರ್ ಸೆಂಟರಿನಲ್ಲಿ ತುಂಬಿಸಿದವರಿಗೆಲ್ಲ ಸೆಂಟರಿನವನದ್ದೇ ಐಡಿ, ಒಂದೇ ವಿಳಾಸಕ್ಕೆ ಮೂವತ್ತು ಮಕ್ಕಳು. ಹಾಗಾಗಿ ಮೊದಲ ಇಂಟರ್ನಲ್‌ನ ದಿನವೇ ಪ್ರತಿಯೊಬ್ಬರ ಐಡಿಗೆ ಒಂದು ಸಾಲು ಕಳಿಸಿ ಉತ್ತರ ತರಿಸಿಕೊಳ್ಳುತ್ತೇವೆ. ಉತ್ತರ ಬಾರದ ಐಡಿ ಪಟ್ಟಿಯಲ್ಲಿ ಉಳಿಯುವುದಿಲ್ಲ.

ನಮ್ಮ ಸ್ವಂತ ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಮೇಲಿಂದ ಕೆಳಗೆ 4, 4, 4 ಎಂದು ಒತ್ತಿ ಎದ್ದುಹೋಗುವವರನ್ನು ಹಿಡಿಯಲು ಒಂದು ಪ್ರಶ್ನೆ ಸೇರಿಸಿದ್ದೇವೆ. ಐದರಲ್ಲಿ ಒಂದು ಉತ್ತರ ಅದರಿಂದ ಉದುರುತ್ತದೆ. ಪ್ರಶ್ನೆ ಯಾವುದೆಂದು ಬರೆದರೆ ಮುಂದಿನ ವರ್ಷ ಅದು ಕೆಲಸ ಮಾಡುವುದಿಲ್ಲ.

ಪಕ್ಕದ ಪ್ರಯೋಗಗಳಲ್ಲಿ ಎರಡು ಉಳಿದಿವೆ. ಫೀಡ್‌ಬ್ಯಾಕಿನ ತೆರೆದ ಪ್ರಶ್ನೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದು, ತುಳುವಿನಲ್ಲಿ ಬರೆದರೂ ಆದೀತು ಎಂದಾಗ, ‘ಗುಡ್’ ಹೋಗಿ ‘ಮಧ್ಯಾಹ್ನದ ಲ್ಯಾಬಿಗೆ ಕರೆಂಟ್ ಇರುವುದಿಲ್ಲ’ ಎಂಬಂಥ ಸಾಲುಗಳು ಬಂದವು. ಇನ್ನೊಂದು, ರೆಡ್ ಅಲರ್ಟ್ ರಜೆಯಲ್ಲಿ ಹೋದ ಅವಧಿಗಳನ್ನು ಸಿಒವಾರು ಗುರುತಿಸುವುದು. ಜೂನ್–ಜುಲೈಯಲ್ಲಿ ಹೋಗುವ ತರಗತಿ ಹೆಚ್ಚಾಗಿ ಸಿಒ1, ಸಿಒ2ರದ್ದು. ಶನಿವಾರ ಮಧ್ಯಾಹ್ನದ ಹೆಚ್ಚುವರಿ ತರಗತಿ ಆ ಭಾಗಕ್ಕೇ ಸಿಗಬೇಕು, ಆ ಹೊತ್ತಿಗೆ ನಡೆಯುತ್ತಿರುವ ಪಾಠಕ್ಕಲ್ಲ. ಫೋನಿನಿಂದ ಮುಖಪುಟದ ಚಿತ್ರ ತೆಗೆದು ಅಂಕ ತಾನಾಗಿ ಓದಿಸುವ ಪ್ರಯತ್ನ ಕೈಬಿಟ್ಟೆವು. ಕೈಬರಹದ 1 ಮತ್ತು 7 ಅದಕ್ಕೆ ಒಂದೇ.

ಮಾಡುವವರು ಪುಸ್ತಿಕೆಯ ಆರ್ಡರನ್ನು ಏಪ್ರಿಲ್‌ನಲ್ಲೇ ಕೊಡಿ. ಮೇ ಎರಡನೇ ವಾರದ ನಂತರ ಪ್ರೆಸ್ಸುಗಳಲ್ಲಿ ಶಾಲೆಗಳ ಡೈರಿ, ಪ್ರಾಸ್ಪೆಕ್ಟಸ್ ತುಂಬಿರುತ್ತದೆ, 40 ಪೈಸೆಗೆ ಯಾರೂ ಒಪ್ಪುವುದಿಲ್ಲ. ಚೌಕದ ಅಳತೆ ಒಂದೂವರೆ ಸೆಂಟಿಮೀಟರ್‌ಗಿಂತ ಕಡಿಮೆ ಬೇಡ, ಕೆಂಪು ಪೆನ್ನಿನಲ್ಲಿ ಒಮ್ಮೆ ತಿದ್ದಿ ಬರೆಯಲು ಜಾಗ ಬೇಕಾಗುತ್ತದೆ.