ಟಿಕಿಂಟರ್ ವಿಂಡೋಗೆ ಸ್ಲೈಡರ್ ಸೇರಿಸುವ ಬಗೆ

ಪಿನ್ ಕೋಡ್, ವಯಸ್ಸು, ಬೆಲೆಯಂತೆ ನಿಖರವಾಗಿ ಗೊತ್ತಿರುವ ಸಂಖ್ಯೆಯನ್ನು ಬಳಕೆದಾರರಿಂದ ಪಡೆಯುವುದಕ್ಕೆ ಸ್ಲೈಡರ್ (ಗುಂಡಿಯನ್ನು ಎಳೆದು ಮೌಲ್ಯ ಬದಲಿಸುವ ಪಟ್ಟಿ) ತಕ್ಕದ್ದಲ್ಲ. ಅಲ್ಲಿ ಟೈಪ್ ಮಾಡುವ ಪೆಟ್ಟಿಗೆಯೇ ಸಾಕು. ಧ್ವನಿಯ ಮಟ್ಟ, ಚಿತ್ರದ ಹೊಳಪು, ಅಕ್ಷರದ ಗಾತ್ರ ಮುಂತಾಗಿ ನೋಡುತ್ತಲೋ ಕೇಳುತ್ತಲೋ ಹದಕ್ಕೆ ತಂದುಕೊಳ್ಳಬೇಕಾದವುಗಳಿಗೆ ಮಾತ್ರ ಅದನ್ನು ಬಳಸಬೇಕು. ಈ ಬರಹದಲ್ಲಿ ಪೈಥಾನ್ ಭಾಷೆಯಲ್ಲಿ ವಿಂಡೋಗಳನ್ನು ಕಟ್ಟಲು ನೆರವಾಗುವ ಟಿಕಿಂಟರ್ ಲೈಬ್ರರಿಯನ್ನು ಬಳಸಿ, ಒಂದು ಸಾಲಿನ ಅಕ್ಷರಗಳನ್ನು 10ರಿಂದ 72 ಪಾಯಿಂಟ್‌ವರೆಗೆ ಹಿಗ್ಗಿಸಿ ಕುಗ್ಗಿಸುವ ಸ್ಲೈಡರ್ ಒಂದನ್ನು ಕಟ್ಟೋಣ. ಟಿಕಿಂಟರ್ ಸಾಮಾನ್ಯವಾಗಿ ಪೈಥಾನ್ ಜೊತೆಗೇ ಬರುತ್ತದೆ. ಉಬುಂಟು, ಡೆಬಿಯನ್‌ನಂತಹ ಕೆಲವು ಲಿನಕ್ಸ್‌ಗಳಲ್ಲಿ ಅದರ ಪ್ಯಾಕೇಜನ್ನು ಬೇರೆಯಾಗಿ ಹಾಕಿಕೊಳ್ಳಬೇಕಾಗುತ್ತದೆ.

ಮೊದಲು ಮುಖ್ಯ ವಿಂಡೋವನ್ನು ತೆರೆದು, ಅದಕ್ಕೆ 700 ಪಿಕ್ಸೆಲ್ ಅಗಲ, 300 ಪಿಕ್ಸೆಲ್ ಎತ್ತರವನ್ನು ಜಿಯೊಮೆಟ್ರಿ ಎಂಬ ಮೆಥಡ್ ಮೂಲಕ ಗೊತ್ತುಮಾಡಿರಿ. ಈ ಹೆಜ್ಜೆಯನ್ನು ಅನೇಕರು ಬಿಟ್ಟುಬಿಡುತ್ತಾರೆ. ಅಳತೆ ಹೇಳದಿದ್ದರೆ ವಿಂಡೋ ತನ್ನೊಳಗಿನ ವಸ್ತುಗಳಿಗೆ ತಕ್ಕಂತೆ ತಾನೇ ಹಿಗ್ಗುತ್ತದೆ. ಅಕ್ಷರ ದೊಡ್ಡದಾದಂತೆಲ್ಲ ವಿಂಡೋ ಅಗಲವಾಗಿ, ನಡುವೆ ಕೂತಿರುವ ಸ್ಲೈಡರ್ ನಾವು ಎಳೆಯುತ್ತಿರುವಾಗಲೇ ಮೌಸ್‌ನ ಕೆಳಗಿನಿಂದ ಜಾರಿಹೋಗುತ್ತದೆ. ಇದೇ ಕಾರಣಕ್ಕೆ ಸ್ಲೈಡರನ್ನು ಮೇಲೆ, ಪಠ್ಯ ತೋರಿಸುವ ಲೇಬಲನ್ನು ಕೆಳಗೆ ಇಡುವುದು ಒಳ್ಳೆಯದು.

ಟಿಕಿಂಟರ್‌ನಲ್ಲಿ ಸ್ಲೈಡರ್‌ಗೆ ಸ್ಕೇಲ್ ಎಂದು ಹೆಸರು. ಅದನ್ನು ರಚಿಸುವಾಗ ಆರಂಭದ ಮಿತಿಯನ್ನು ಫ್ರಮ್ ಎಂಬ ಆಯ್ಕೆಯಲ್ಲಿಯೂ ಕೊನೆಯ ಮಿತಿಯನ್ನು ಟು ಎಂಬ ಆಯ್ಕೆಯಲ್ಲಿಯೂ ಕೊಡಬೇಕು. ಫ್ರಮ್ ಎಂಬುದು ಪೈಥಾನ್ ತನಗಾಗಿ ಕಾದಿರಿಸಿಕೊಂಡಿರುವ ಪದವಾದ್ದರಿಂದ ಅದರ ಕೊನೆಗೆ ಒಂದು ಅಂಡರ್‌ಸ್ಕೋರ್ ಸೇರಿಸಿ ಬರೆಯಬೇಕು. ಸೇರಿಸದಿದ್ದರೆ ಸಿಂಟ್ಯಾಕ್ಸ್ ದೋಷ ಬಂದು ಪ್ರೋಗ್ರಾಂ ಶುರುವಾಗುವುದೇ ಇಲ್ಲ. ಏನೂ ಹೇಳದಿದ್ದರೆ ಮಿತಿಗಳು 0 ಮತ್ತು 100, ಉದ್ದ 100 ಪಿಕ್ಸೆಲ್, ನಿಲುವು ಲಂಬ. ನಮಗೆ ಬೇಕಾದದ್ದು ಅಡ್ಡ ಸ್ಲೈಡರ್ ಆದ್ದರಿಂದ ಓರಿಯಂಟ್ ಆಯ್ಕೆಗೆ ಹಾರಿಜಾಂಟಲ್ ಎಂದೂ ಲೆಂಗ್ತ್ ಆಯ್ಕೆಗೆ 400 ಎಂದೂ ಕೊಡಿ. ನೂರು ಪಿಕ್ಸೆಲ್‌ಗಳಷ್ಟೇ ಉದ್ದವಿದ್ದರೆ, ಗುಂಡಿಗೆ ಬೇಕಾದ ಜಾಗವನ್ನು ಕಳೆದು, ಹೆಚ್ಚುಕಡಿಮೆ ಒಂದು ಪಿಕ್ಸೆಲ್‌ಗೆ ಒಂದು ಪಾಯಿಂಟ್‌ನಂತೆ ಜಿಗಿಯುತ್ತದೆ. ಬೇಕಾದ ಗಾತ್ರದಲ್ಲಿ ಕೈ ನಿಲ್ಲಿಸುವುದು ಕಷ್ಟ.

ಸ್ಲೈಡರ್ ಕದಲಿದಾಗ ಏನಾಗಬೇಕೆಂಬುದನ್ನು ಒಂದು ಫಂಕ್ಷನ್‌ನಲ್ಲಿ ಬರೆದು, ಅದರ ಹೆಸರನ್ನು ಕಮಾಂಡ್ ಆಯ್ಕೆಗೆ ಒಪ್ಪಿಸಬೇಕು. ಹೆಸರನ್ನಷ್ಟೇ ಕೊಡಬೇಕು, ಮುಂದೆ ಆವರಣ ಚಿಹ್ನೆ ಇರಬಾರದು. ಇದ್ದರೆ ಸ್ಲೈಡರ್ ಹುಟ್ಟುವ ಮೊದಲೇ ಫಂಕ್ಷನ್ ಓಡಲು ಹೋಗುತ್ತದೆ. ಆ ಫಂಕ್ಷನ್ ಒಂದು ಆರ್ಗ್ಯುಮೆಂಟನ್ನು ಸ್ವೀಕರಿಸುವಂತಿರಬೇಕು, ಏಕೆಂದರೆ ಟಿಕಿಂಟರ್ ಪ್ರತಿ ಸಲವೂ ಹೊಸ ಮೌಲ್ಯವನ್ನು ಅದಕ್ಕೆ ಕಳಿಸುತ್ತದೆ. ಆ ಮೌಲ್ಯ ಬರುವುದು ಸಂಖ್ಯೆಯಾಗಿ ಅಲ್ಲ, ಸ್ಟ್ರಿಂಗ್ (ಪಠ್ಯ) ಆಗಿ ಎಂಬುದನ್ನು ಮರೆಯಬೇಡಿ. ನೇರವಾಗಿ ಇಂಟ್‌ಗೆ (ಪೂರ್ಣಾಂಕಕ್ಕೆ) ಪರಿವರ್ತಿಸಿದರೆ ಇವತ್ತು ಕೆಲಸ ನಡೆಯುತ್ತದೆ. ಆದರೆ ಮುಂದೊಂದು ದಿನ, ಮೌಲ್ಯ ಒಂದೊಂದು ಸಲಕ್ಕೆ ಎಷ್ಟು ಜಿಗಿಯಬೇಕೆಂದು ಹೇಳುವ ರೆಸಲ್ಯೂಷನ್ ಆಯ್ಕೆಯನ್ನು 1ರಿಂದ 0.5ಕ್ಕೆ ಇಳಿಸಿದಾಗ 24.5 ಎಂಬ ಸ್ಟ್ರಿಂಗ್ ಬಂದು ವ್ಯಾಲ್ಯೂ ಎರರ್ ಎದುರಾಗುತ್ತದೆ. ಮೊದಲು ಫ್ಲೋಟ್‌ಗೆ (ದಶಮಾಂಶ ಸಂಖ್ಯೆಗೆ) ಬದಲಿಸಿ, ನಂತರ ರೌಂಡ್ ಮಾಡುವುದೇ ನೆಟ್ಟಗಿನ ದಾರಿ. ಹಾಗೆ ದೊರೆತ ಸಂಖ್ಯೆಯನ್ನು ಲೇಬಲ್‌ನ ಕಾನ್ಫಿಗ್ ಮೆಥಡ್‌ಗೆ, ಫಾಂಟ್ ಹೆಸರಿನ ಜೊತೆಗೆ ಕೊಟ್ಟರಾಯಿತು.

ಆರಂಭದ ಮೌಲ್ಯಕ್ಕೆ ಸೆಟ್ ಮೆಥಡ್‌ನಲ್ಲಿ 24 ಎಂದು ಕೊಡಿ. ಲೇಬಲ್‌ನ ಮೊದಲ ಗಾತ್ರವೂ ಅದೇ ಆಗಿರುವಂತೆ ನಮ್ಮ ಫಂಕ್ಷನನ್ನು ಒಮ್ಮೆ ನಾವೇ ಕರೆದುಬಿಡುವುದು ವಾಸಿ.  ಬಳಿಕ ಸ್ಲೈಡರ್, ಲೇಬಲ್ ಎರಡನ್ನೂ ಪ್ಯಾಕ್ ಮೆಥಡ್‌ನಿಂದ ವಿಂಡೋದಲ್ಲಿ ಕೂರಿಸಿ, ಬಳಕೆದಾರರ ಕ್ರಿಯೆಗಳಿಗೆ ಕಾಯುವ ಮೇನ್‌ಲೂಪ್ ಶುರು ಮಾಡಿ. ಬಾಣದ ಕೀಲಿಗಳಿಂದಲೂ ಸ್ಲೈಡರ್ ಕದಲುತ್ತದೆ, ಹೋಮ್ ಮತ್ತು ಎಂಡ್ ಕೀಲಿಗಳು ಅದನ್ನು ಎರಡು ತುದಿಗಳಿಗೆ ಒಯ್ಯುತ್ತವೆ. ಇದಕ್ಕಾಗಿ ಬೇರೆ ಕೋಡ್ ಬರೆಯಬೇಕಿಲ್ಲ.

ಈ ಸ್ಕೇಲ್‌ನ ರೂಪ ಹಳತಾಗಿ ಕಂಡು, ಟಿಕಿಂಟರ್‌ನದೇ ಹೊಸ ರೂಪದ ವಸ್ತುಗಳಿರುವ ಟಿಟಿಕೆ ವಿಭಾಗದ ಸ್ಕೇಲ್‌ಗೆ ಬದಲಾಯಿಸುವ ಆಸೆ ಬಹುತೇಕ ಎಲ್ಲರಿಗೂ ಹುಟ್ಟುತ್ತದೆ. ಅದು ನೋಡಲು ಅಂದವಾಗಿದೆ, ನಿಜ. ಆದರೆ ಅದಕ್ಕೆ ರೆಸಲ್ಯೂಷನ್ ಇಲ್ಲ, ಗುರುತುಗೆರೆಯ ಸಂಖ್ಯೆಗಳನ್ನು ಬರೆಯುವ ಟಿಕ್ ಇಂಟರ್ವಲ್ ಇಲ್ಲ, ಸದ್ಯದ ಮೌಲ್ಯವನ್ನು ತೋರಿಸುವ ಏರ್ಪಾಡೂ ಇಲ್ಲ. ಮೌಲ್ಯಗಳು ಉದ್ದನೆಯ ದಶಮಾಂಶಗಳಾಗಿ ಬರುತ್ತವೆ, ಪಕ್ಕದಲ್ಲಿ ಸಂಖ್ಯೆ ತೋರಿಸಲು ಇನ್ನೊಂದು ಲೇಬಲನ್ನು ನಾವೇ ಇಡಬೇಕಾಗುತ್ತದೆ. ಇದಲ್ಲದೆ ಅದರ ಸೆಟ್ ಮೆಥಡ್ ಕಮಾಂಡ್ ಫಂಕ್ಷನನ್ನು ಆಗಿಂದಾಗಲೇ ಕರೆಯುವುದರಿಂದ, ಲೇಬಲನ್ನು ರಚಿಸುವ ಮೊದಲು ಸೆಟ್ ಕರೆದರೆ ದೋಷ ಬರುತ್ತದೆ. ಸಣ್ಣ ಉಪಕರಣಕ್ಕೆ ಹಳೆಯ ಸ್ಕೇಲೇ ಸಾಕೆಂಬುದು ನನ್ನ ಅಭಿಪ್ರಾಯ.

ಅಕ್ಷರದ ಗಾತ್ರ ಬದಲಿಸುವುದು ಹಗುರವಾದ ಕೆಲಸ. ದೊಡ್ಡ ಚಿತ್ರವೊಂದರ ಹೊಳಪನ್ನು ಬದಲಿಸುವಂತಹ ಭಾರದ ಕೆಲಸವಾದರೆ, ಎಳೆಯುವಾಗ ನಡುವೆ ಸಿಗುವ ಹತ್ತಾರು ಮೌಲ್ಯಗಳಿಗೂ ಫಂಕ್ಷನ್ ಓಡಿ, ಮೇನ್‌ಲೂಪ್ ತಡೆದು, ಸ್ಲೈಡರ್ ತಡವರಿಸುತ್ತದೆ. ಆಗ ಕಮಾಂಡ್ ಫಂಕ್ಷನ್‌ನಲ್ಲಿ ನೇರವಾಗಿ ಕೆಲಸ ಮಾಡದೆ, ಆಫ್ಟರ್ ಮೆಥಡ್ ಮೂಲಕ 150 ಮಿಲಿಸೆಕೆಂಡ್ ಬಳಿಕ ಮಾಡುವಂತೆ ಗೊತ್ತುಪಡಿಸಿ, ಅದು ಹಿಂದಿರುಗಿಸುವ ಗುರುತನ್ನು ಇಟ್ಟುಕೊಳ್ಳಿ. ಅಷ್ಟರೊಳಗೆ ಹೊಸ ಮೌಲ್ಯ ಬಂದರೆ ಆಫ್ಟರ್ ಕ್ಯಾನ್ಸಲ್ ಮೂಲಕ ಹಳೆಯದನ್ನು ರದ್ದು ಮಾಡಿ ಹೊಸದಾಗಿ ಗೊತ್ತುಪಡಿಸಿ. ಕೈ ನಿಂತ ಮೇಲಷ್ಟೇ ಭಾರದ ಕೆಲಸ ನಡೆಯುತ್ತದೆ.

ಲೇಬಲ್‌ನಲ್ಲಿ ಕನ್ನಡ ಪಠ್ಯ ಇಡುವವರು ಇನ್ನೊಂದನ್ನು ಪರೀಕ್ಷಿಸಬೇಕು. ವಿಂಡೋಸ್‌ನಲ್ಲಿ ಸರಿಯಾಗಿ ಕಂಡ ಒತ್ತಕ್ಷರಗಳು ಲಿನಕ್ಸ್‌ನಲ್ಲಿ, ಟಿಕಿಂಟರ್‌ನ ಹಿಂದೆ ಕೆಲಸ ಮಾಡುವ ಟಿಕೆ ಲೈಬ್ರರಿಯ 8.6ನೇ ಆವೃತ್ತಿಯಲ್ಲಿ ಕೂಡಿಕೊಳ್ಳದೆ ಬಿಡಿಬಿಡಿಯಾಗಿ ಕಾಣಬಹುದು. ಇದು ಸ್ಲೈಡರ್‌ನ ತಪ್ಪೂ ಅಲ್ಲ, ನಿಮ್ಮ ಕೋಡ್‌ನ ತಪ್ಪೂ ಅಲ್ಲ; ಹಾಗಾಗಿ ಸ್ಲೈಡರ್ ಕೆಲಸ ಮಾಡುತ್ತಿದೆಯೇ ಎಂದು ಮೊದಲು ಅಂಕಿಗಳನ್ನಷ್ಟೇ ಇಟ್ಟು ನೋಡಿ, ಆಮೇಲೆ ಕನ್ನಡದ ಸಾಲನ್ನು ಸೇರಿಸಿರಿ.